ಅಕ್ಕನ ಟ್ಯೂಬು

…ಅಲ್ಲ ಕಣೋ, ಮುಷ್ಟಿ ಬಿಗಿ ಹಿಡಿ ಅಂದ್ರೆ ಕುರ್ಚಿ ಯಾಕೆ ಹಿಡ್ಕೊಂಡಿದೀಯಾ? ಕುರ್ಚಿ ಎಲ್ಲೂ ಓಡಿಹೋಗಲ್ಲ. ಓಡಿಹೋಗೋನು ನೀನು. ಹಾಂ, ಹಾಗೆ. ಇನ್ನೂ ಸೂಜಿನೇ ಬಿಚ್ಚಿಲ್ಲ, ಆಗಲೇ ಕಣ್ಣು ಮುಚ್ಚಿದಾನೆ ನೋಡು ಮಹಾಶೂರ! ದಿನಾ ಸೈಕಲ್ ಚೈನಿಗೆ ಬೆರಳು ಸಿಕ್ಕಿಸ್ಕೊಂಡು, ರಕ್ತ ಪ್ಯಾಂಟಿಗೆ ಒರೆಸ್ಕೊಂಡು ಕೆಲಸ ಮಾಡೋನು, ಇಷ್ಟುದ್ದ ಸೂಜಿಗೆ ಹೀಗಾ?

ನಗ್ಬೇಡ. ನೀನು ನಕ್ರೆ ಕೈಯೆಲ್ಲ ಕುಣಿಯುತ್ತೆ.

ಅಯ್ಯೋ ದೇವರೇ, ಈ ಹತ್ತಿ ನೋಡು! ಸ್ಪಿರಿಟ್ ಹಚ್ಚಿ ಒರೆಸಿದಷ್ಟೂ ಕಪ್ಪಗೆ ಬರ್ತಾನೇ ಇದೆ. ಸೋಪು ಅಂತ ಒಂದು ಕಂಡುಹಿಡಿದಿದಾರೆ ಕಣೋ ಗುಂಡ, ನಿನ್ನ ಅಂಗಡಿ ಕಡೆಗೆ ಇನ್ನೂ ಬಂದಿಲ್ವಾ? ಮೊಣಕೈ ಒಳಗೆಲ್ಲ ಗ್ರೀಸು! ಅಲ್ಲಿಗೆ ಗ್ರೀಸು ಹೆಂಗೋ ಹೋಗುತ್ತೆ? ತಡಿ, ಇನ್ನೊಂದು ಹತ್ತಿ ತಗೋತೀನಿ.

ಬಾಗಿಲು ಕಡೆ ಯಾಕೆ ನೋಡ್ತಿದೀಯಾ? ಯಾರೂ ಬರಲ್ಲ. ಎಲ್ಲರೂ ಕ್ಯಾಂಟೀನಿಗೆ ಊಟಕ್ಕೆ ಹೋಗಿದಾರೆ, ಡಾಕ್ಟರ್ ಮೇಡಂನೂ ಹೋಗಿದಾರೆ. ಅವರು ಬರೋಷ್ಟರಲ್ಲಿ ಮುಗಿಸಿ ನಿನ್ನ ಕಳಿಸಿಬಿಡ್ತೀನಿ. ಕಳ್ಳತನ ಅಲ್ಲ ಕಣಪ್ಪ! ಹಾಗೆ ಹುಬ್ಬು ಏರಿಸ್ಬೇಡ. ಒಂದು ಟ್ಯೂಬು ರಕ್ತ, ಅಷ್ಟೇ. ನಿನ್ನ ಸೈಕಲ್ ಟ್ಯೂಬಲ್ಲ, ಈ ಬೆರಳುದ್ದದ್ದು.

ಯಾಕೆ ಅಂದ್ರೆ… ಫೋನಲ್ಲಿ ಹೇಳಿದ್ನಲ್ಲ. ಹೇಳ್ಲಿಲ್ವಾ? ಸರಿ ಕೇಳು. ನೀನಂತೂ ಹುಟ್ಟಿದಾಗಿಂದ ಮಾತಲ್ಲಿ ಜಿಪುಣ, ಕಿವಿ ಆದ್ರೂ ಕೊಡು.

ಈ ಲ್ಯಾಬಲ್ಲಿ ನಾವು ಅಳೆಯೋದು ರಕ್ತದಲ್ಲಿರೋ ಒಂದು ಪ್ರೋಟೀನು. ಮೆದುಳಲ್ಲಿ ನರಗಳು ಬದುಕಿರಕ್ಕೆ, ಬೆಳೆಯಕ್ಕೆ, ಒಂದಕ್ಕೊಂದು ಕೈ ಚಾಚಕ್ಕೆ ಬೇಕಾಗಿರೋದು. ನರಗಳಿಗೆ ಗೊಬ್ಬರ ಅಂತ ತಿಳ್ಕೊ. ಮೇಡಂಗೆ ಗೊಬ್ಬರ ಅಂದ್ರೆ ಆಗಲ್ಲ, ಮುಖ ಸಿಂಡರಿಸ್ತಾರೆ. ನಾನು ಮಾತ್ರ ಬಂದೋರಿಗೆಲ್ಲ ಹಾಗೇ ಹೇಳೋದು, ತಕ್ಷಣ ಅರ್ಥ ಆಗುತ್ತೆ. ನೋಡು, ಅಪ್ಪ ನಿನಗೆ ತಲೆ ತುಂಬಾ ಗೊಬ್ಬರ ಇದೆ ಅಂತ ಬೈತಿದ್ರಲ್ಲ, ಪಾಪ, ಅವರು ಹೊಗಳ್ತಿದ್ರು! ನಮಗೇ ಗೊತ್ತಾಗ್ಲಿಲ್ಲ.

ನಗ್ಬೇಡ ಅಂದ್ನಲ್ಲ!

ಮನಸ್ಸು ಕುಗ್ಗಿದೋರಲ್ಲಿ ಇದು ಕಮ್ಮಿ ಇರುತ್ತೆ. ಕೈ ನಡುಗೋ ಕಾಯಿಲೆಯೋರಲ್ಲೂ, ಮರೆವಿನ ಕಾಯಿಲೆಯೋರಲ್ಲೂ ಕಮ್ಮಿ. ಎಲ್ಲರಲ್ಲೂ ಅಲ್ಲ, ಗುಂಪು ಗುಂಪಾಗಿ ನೋಡಿದಾಗ. ಅದಕ್ಕೇ ತಲೆನೋವು. ಎಲ್ಲ ಕಾಯಿಲೇಲೂ ಕಮ್ಮಿ ಇದ್ರೆ ಇದು ಯಾವ ಕಾಯಿಲೆ ಅಂತ ಹೆಂಗೆ ಹೇಳೋದು? ಕಾಯಿಲೆಯಿಂದ ಇದು ಕಮ್ಮಿ ಆಯ್ತೋ, ಇದು ಕಮ್ಮಿ ಆಗಿ ಕಾಯಿಲೆ ಬಂತೋ? ಮೇಡಂ ದಿನಕ್ಕೆ ನೂರು ಸಲ ಹೇಳ್ತಾರೆ, ಒಬ್ಬರ ಒಂದು ಅಂಕಿ ಇಟ್ಕೊಂಡು ಏನೂ ಹೇಳ್ಬಾರ್ದು ಅಂತ. ಒಂದು ಹನಿ ಬಿದ್ದ ತಕ್ಷಣ ಮಳೆಗಾಲ ಅಂತಾರಾ?

ಆ ಪ್ರೋಟೀನನ್ನೇ ಇಂಜೆಕ್ಷನ್ ಕೊಡ್ಬಾರ್ದಾ ಅಂತಾನಾ? ಒಳ್ಳೆ ಪ್ರಶ್ನೆ ಕೇಳ್ದೆ, ಗೊಬ್ಬರ ಕೆಲಸ ಮಾಡ್ತಿದೆ! ಇಲ್ಲ ಕಣೋ, ಅದಕ್ಕೂ ಯೋಗ ಇಲ್ಲ. ತೋಳಿಗೆ ಚುಚ್ಚಿದ್ರೆ ಅದು ಮೆದುಳಿನ ಬಾಗಿಲವರೆಗೂ ಹೋಗಿ ವಾಪಸ್ ಬರುತ್ತೆ. ರಕ್ತದಲ್ಲಿ ಬಂದಿದ್ದನ್ನೆಲ್ಲ ಮೆದುಳು ಒಳಗೆ ಬಿಟ್ಕೊಳ್ಳಲ್ಲ. ನಡೀಬೇಕು, ಓಡಾಡ್ಬೇಕು, ನಿದ್ದೆ ಮಾಡ್ಬೇಕು, ಡಾಕ್ಟರು ಕೊಟ್ಟ ಮಾತ್ರೆ ತಗೋಬೇಕು, ನಿಧಾನಕ್ಕೆ ಏರಿದ್ರೆ ಏರುತ್ತೆ. ಇದನ್ನೆಲ್ಲ ನಾನು ದಿನಾ ಹೇಳೋದೇ. ಬಾಯಿಪಾಠ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. ಆ ಮೇಜಿನ ಮೇಲೆ ಗುಳಿ ಗುಳಿ ಇರೋ ಪ್ಲಾಸ್ಟಿಕ್ ಹಲಗೆ ಕಾಣ್ತಿದೆಯಲ್ಲ, ಅದು ಪ್ಲೇಟು. ಒಬ್ಬೊಬ್ಬರ ರಕ್ತದ ತಿಳಿ ಒಂದೊಂದು ಗುಳಿಗೆ ಹಾಕಿ, ಔಷಧಿ ಹಾಕಿ, ಕಾಯೋದು. ಹಳದಿ ಬಣ್ಣ ಬರುತ್ತೆ. ಪ್ರೋಟೀನು ಜಾಸ್ತಿ ಇದ್ರೆ ಗಾಢ, ಕಮ್ಮಿ ಇದ್ರೆ ಪೇಲವ. ಸರಿ. ಆದ್ರೆ ಪ್ಲೇಟೇ ಕೆಟ್ಟಿದ್ರೆ? ಔಷಧಿ ಹಳೇದಾಗಿದ್ರೆ? ಗೊತ್ತಾಗೋದು ಹೆಂಗೆ? ಅದಕ್ಕೆ ಆರೋಗ್ಯವಾಗಿರೋ ಒಬ್ಬರ ರಕ್ತದ ತಿಳಿನ ಸಣ್ಣ ಸಣ್ಣ ಟ್ಯೂಬಿಗೆ ತುಂಬಿ ಫ್ರೀಜರಲ್ಲಿ ಇಟ್ಟಿರ್ತೀವಿ. ಪ್ರತಿ ಪ್ಲೇಟಿಗೂ ಅದರದ್ದೊಂದು ಗುಳಿ. ಅದು ಯಾವಾಗಿನ ಹಾಗೇ ಬಂದ್ರೆ ಪ್ಲೇಟು ಸರಿಯಿದೆ. ಇಲ್ಲಾಂದ್ರೆ ಪ್ಲೇಟು ಕಸಕ್ಕೆ.

ಆ ಆರೋಗ್ಯವಂತರು ಯಾರು ಹೇಳು?

ಹಿ ಹಿ. ನಾನೇ! ನೋಡ್ದಾ, ಹೆಂಗೆ ಕಣ್ಣು ಬಿಟ್ಟ! ಹೌದು ಸ್ವಾಮಿ, ಈ ಕಟ್ಟಡದಲ್ಲಿ ಆರೋಗ್ಯ ಅಂದ್ರೆ ನಿಮ್ಮಕ್ಕ. ಟ್ಯೂಬಿನ ಮೇಲೆ ಚೀಟಿ ಕೂಡ ಹಾಗೇ ಇದೆ, 'ಅಕ್ಕ' ಅಂತ. ಎಲ್ಲರೂ ನನ್ನ ಅಕ್ಕ ಅಂತಾರಲ್ಲ, ಅದಕ್ಕೆ. ಬೆಳಗ್ಗೆ ಮೇಡಂ ಬಂದು ಕೇಳೋ ಮೊದಲ್ನೇ ಮಾತು, "ಅಕ್ಕ ಸರಿಯಿದಾಳಾ?" ಅಂತ. ಹೊಸದಾಗಿ ಸೇರಿದ ಹುಡುಗಿ ಒಬ್ಬಳು ಪಾಪ, "ಮೇಡಂಗೆ ನಿಮ್ಮ ಮೇಲೆ ಎಷ್ಟು ಪ್ರೀತಿ" ಅಂದಿದ್ಲು. ಟ್ಯೂಬಿನ ಬಗ್ಗೆ ಕೇಳೋದು ಅಂತ ಅವಳಿಗೆ ಗೊತ್ತಾಗಿದ್ದು ಎಷ್ಟೋ ದಿನ ಆದ್ಮೇಲೆ!

ಹಳೇ ಸ್ಟಾಕು ಮುಗಿದೇ ಹೋಯ್ತು. ಹೊಸದಾಗಿ ತುಂಬಿಸ್ಬೇಕು. ಅದಕ್ಕೆ ನೀನು.

ಹಂ? ನನ್ನದೇ ಯಾಕೆ ತಗೋಬಾರ್ದು? ವಯಸ್ಸಾಯ್ತಪ್ಪ, ನರ ಸಿಗಲ್ಲ. ಈ ಕಡೆ ಚುಚ್ಚಿದ್ರೆ ಆ ಕಡೆ ಜಾರುತ್ತೆ. ನಿಂದು ನೋಡು, ನೀರಿನ ಪೈಪಿದ್ದ ಹಾಗಿದೆ, ಕಣ್ಣು ಕಟ್ಕೊಂಡು ಚುಚ್ಬಹುದು. ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರು, ಯಾರದ್ದಾದ್ರೇನು?

ನನ್ನ ಮೊಣಕೈ ಕಡೆ ಏನು ಬೆರಳು ತೋರಿಸ್ತಿದೀಯಾ? ಇದಾ? ಇದು… ಸೊಳ್ಳೆ ಕಚ್ಚಿದ್ದು.

ಸೊಳ್ಳೆ ಕಚ್ಚಿದ್ದಕ್ಕೆ ಪ್ಲಾಸ್ಟರ್ ಹಾಕ್ಬಾರ್ದಾ? ದೊಡ್ಡ ಸೊಳ್ಳೆ! ನಗೋದು ನೋಡು. ಆಯ್ತು, ಆಯ್ತು. ತೆಗ್ದಿದ್ದೆ. ನಾನೇ ನನ್ನ ರಕ್ತ ತೆಗ್ದು, ಯಂತ್ರದಲ್ಲಿ ತಿರುಗಿಸಿ, ತಿಳಿ ತುಂಬಿಸಿ ಇಟ್ಟೆ. ಸರಿ ಬರ್ಲಿಲ್ಲ, ಈ ತಿಂಗಳ ಪ್ಲೇಟುಗಳಲ್ಲೆಲ್ಲ ಪೇಲವ ಬಂತು. ಕೆಟ್ಟು ಹೋಯ್ತು. ರಕ್ತ ಕೆಡಲ್ವಾ? ಹಾಲು ಕೆಡುತ್ತೆ, ರಕ್ತ ಕೆಡುತ್ತೆ.

ಎಲ್ಲಾ ಈ ಪರೀಕ್ಷೆ ಮಾಡೋ ಕಿಟ್ಟಿನ ತಪ್ಪು ಕಣೋ. ಈ ಸಲ ಬಂದ ಔಷಧಿ ಡಬ್ಬಿನೇ ಸರಿಯಿಲ್ಲ. ಇದನ್ನ ತಂದುಕೊಡೋ ಮನುಷ್ಯನಿಗೆ ಫೋನ್ ಮಾಡಿ ಬೈದೆ ನೋಡು, ಅವನು ಊಟ ಮಾಡ್ತಿದ್ದೋನು ಎದ್ದು ನಿಂತೇ ಮಾತಾಡಿದ್ನಂತೆ. ಆಮೇಲೆ ಫ್ರೀಜರ್ ಅಂದ್ಕೊಂಡೆ. ಮೆಕ್ಯಾನಿಕ್ಕು ಬಂದು ಎಲ್ಲ ಸರಿಯಿದೆ ಅಂದು ಟೀ ಕುಡ್ದು ಹೋದ. ಆಮೇಲೆ ಆ ತಿರುಗೋ ಯಂತ್ರ. ಆಮೇಲೆ ಹೊಸ ಹುಡುಗಿ ಕೈಗುಣ. ಪಾಪ, ಅವಳು ಅತ್ತೇಬಿಟ್ಳು. ಹೌದು, ಹೌದು, ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ! ನೀನು ಹೇಳೋದಕ್ಕೆ ಮುಂಚೆ ನಾನೇ ಹೇಳ್ತೀನಿ ತಗೋ.

ಆದ್ರೆ ನಾಳೆ ಇದೆ ನೋಡು ಹಬ್ಬ. ನಾಳೆ ಬೆಳಗ್ಗೆ ಮೇಡಂ ಕಣ್ಣೆದುರಿಗೇ ಅಕ್ಕನ ಟ್ಯೂಬು ಇನ್ನೊಂದು ಸಲ ಹಾಕ್ಬೇಕು. ಅದೂ ಪೇಲವ ಬಂದ್ರೆ, ಈ ತಿಂಗಳು ಮಾಡಿದ್ದೆಲ್ಲ ಬಿಸಾಡಿ, ಅಷ್ಟೂ ಜನರನ್ನ ಮತ್ತೆ ಕರೆಸಿ, ಮತ್ತೆ ಚುಚ್ಚೋದು. ನಿನಗೆ ನಗು. ನನಗೆ ಅವರ ಮುಖಗಳು ಗೊತ್ತು ಕಣೋ. ಒಬ್ಬರು ಹಳೇ ಮೇಷ್ಟ್ರು ಬರ್ತಾರೆ, ಕೈ ನಡುಗೋದು. ಬಲಗೈನ ಎಡಗೈಲಿ ಗಟ್ಟಿಯಾಗಿ ಹಿಡ್ಕೊಂಡು, "ತಗೊಳ್ಳಮ್ಮ, ಈಗ ತಗೊ, ಬೇಗ" ಅಂತಾರೆ. ತರಲೆ ಹುಡುಗನ ಕಿವಿ ಹಿಡ್ಕೊಂಡ ಹಾಗೆ ಹಿಡ್ಕೊಂಡಿರ್ತಾರೆ ತಮ್ಮ ಕೈನ ತಾವೇ. ಬಟ್ಟೆ ಹೊಲಿಯೋ ಹೆಂಗಸು ಒಬ್ಬಳು. ಮೊದಲು ಬಂದಾಗ ನೆಲ ಬಿಟ್ಟು ಬೇರೆ ಏನೂ ನೋಡ್ಲಿಲ್ಲ. ಮಾತ್ರೆ ಶುರುವಾಗಿ ಈ ಸಲ ಬಂದಾಗ ತಲೆ ಎತ್ತಿ ನನ್ನ ನೋಡಿ, "ನಿಮ್ಮ ರವಿಕೆ ತೋಳು ಸಡಿಲ ಆಗಿದೆ, ತಂದುಕೊಡಿ, ಹಿಡಿದುಕೊಡ್ತೀನಿ" ಅಂದ್ಲು. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಒಳಗೆ ಹೋಗಿ ಅತ್ತೆ. ಅವಳ ಟ್ಯೂಬನ್ನ ಕಸಕ್ಕೆ ಹಾಕಿ, ಮತ್ತೆ ಬಾಮ್ಮ, ತಪ್ಪಾಯ್ತು ಅನ್ಲಾ?

ಏನು ನೋಡ್ತಿದೀಯಾ? ರವಿಕೆ ತೋಳಾ? ಹೌದು, ಸಡಿಲ ಆಗಿದೆ. ಸಣ್ಣ ಆಗಿದೀನಿ. ಜನ ಸಣ್ಣ ಆಗಕ್ಕೆ ಏನೇನೋ ಮಾಡ್ತಾರೆ, ನಿನ್ನ ಅಕ್ಕ ಕೂತಲ್ಲೇ ಆದ್ಲು. ಹೊಗಳು ಸ್ವಲ್ಪ!

ಆ ಊಟದ ಡಬ್ಬಿ ನಂದೇ. ತಿಂದೆ. ಅಂದ್ರೆ… ತಿನ್ಬೇಕು. ನೀನು ಬರ್ತೀಯಾ ಅಂತ ಕಾಯ್ತಿದ್ದೆ. ಮುಚ್ಚಳ ತೆಗೀಬೇಡ! ಒಂದು ಕೈ ಆಡಿಸ್ಬೇಡ ಅಂದ್ರೆ ಇನ್ನೊಂದು ಕೈ ಆಡಿಸ್ತಾನೆ. ನಿನ್ನೇದಾ? ಹೌದಾ? ಇರ್ಬಹುದು, ನಿನ್ನೆ ತೊಳ್ಯಕ್ಕೆ ಮರೆತೆ. ಮುಚ್ಚಿಡು, ವಾಸನೆ ಬರುತ್ತೆ.

ತೋಳಿಗೆ ಕಟ್ಟಿದ ಪಟ್ಟಿ ಬಿಗಿ ಆಯ್ತಾ? ಇನ್ನು ಒಂದೇ ನಿಮಿಷ.

ಅಲ್ಲ, ಚೀಟಿ ಮೊದಲೇ ಯಾಕೆ ಅಂಟಿಸಿದೀನಿ ಅಂದ್ರೆ… ಮೊದಲೇ ಅಂಟಿಸೋದೇ ಪದ್ಧತಿ. ಏನು ಬರೆದಿದೆ ಅಂತ ಓದಕ್ಕೆ ಬರಲ್ವಾ? 'ಅಕ್ಕ'. ಹೌದು, ನಿನ್ನ ರಕ್ತಕ್ಕೆ 'ಅಕ್ಕ' ಅಂತ. ಮತ್ತೇನು 'ಗುಂಡ' ಅಂತ ಬರೀಲಾ? ಮೇಡಂ ಕೇಳ್ತಾರೆ, ಈ ಗುಂಡ ಯಾರು, ಯಾವಾಗ ಬಂದ, ಯಾಕೆ ಬಂದ ಅಂತ. ಸುಮ್ನೆ ರಾಮಾಯಣ. ಅಕ್ಕ ಇದ್ದ ಜಾಗದಲ್ಲಿ ಅಕ್ಕ. ನಿಂದು ಹೇಗೂ ಚೆನ್ನಾಗಿ ಗಾಢವಾಗಿ ಬರುತ್ತೆ. ದಿನಾ ಸೈಕಲ್ ತುಳೀತೀಯಾ, ಹಾಸಿಗೆಗೆ ಬಿದ್ರೆ ಗೊರಕೆ, ಕಲ್ಲು ಎಡವಿದ್ರೂ ನಗ್ತೀಯಾ. ಎಮ್ಮೆ ಇದ್ದ ಹಾಗಿದೀಯಾ. ನಾಳೆ ಮೇಡಂ ನೋಡ್ತಾರೆ, ಅಕ್ಕ ಸರಿಯಿದಾಳೆ ಅಂತಾರೆ, ಮೇಷ್ಟ್ರು ಪಾಡಿಗೆ ಮೇಷ್ಟ್ರು, ಹೊಲಿಯೋಳ ಪಾಡಿಗೆ ಹೊಲಿಯೋಳು. ಯಾರಿಗೂ ತೊಂದ್ರೆ ಇಲ್ಲ.

ಏನಂದೆ? ಜೋರಾಗಿ ಹೇಳು. ಬೇಲಿನೇ…? ಬೇಲಿನೇ ಎದ್ದು ಹೊಲ ಮೇಯ್ದ ಹಾಗಾ? ಅಬ್ಬಾ! ವರ್ಷಕ್ಕೊಂದು ಮಾತಾಡ್ತಾನೆ, ಅದರಲ್ಲೂ ಅಕ್ಕನ್ನ ಬೇಲಿ ಅಂತಾನೆ! ಎಷ್ಟು ಬೆಳೆದುಬಿಟ್ಟೆ ನೀನು. ನಿನ್ನ ಮೂಗು ಒರೆಸಿದ್ದು ಯಾರು? ಪರೀಕ್ಷೆ ದಿನ ಹೊಟ್ಟೆನೋವು ಅಂತ ಬಿದ್ಕೊಂಡಾಗ ಮೇಷ್ಟ್ರ ಹತ್ರ ಸುಳ್ಳು ಹೇಳಿ ಕಾಪಾಡಿದ್ದು ಯಾರು? ಈಗ ಬೇಲಿಯಂತೆ, ಹೊಲವಂತೆ.

ಯಾಕೆ ನಗ್ತಿಲ್ಲ?

ನಗ್ಬೇಡ ಅಂದೆ ಸರಿ, ಪೂರ್ತಿ ನಿಲ್ಲಿಸು ಅಂದ್ನಾ? ಹಾಗೆ ನೋಡ್ಬೇಡ ಕಣೋ. ನಿನ್ನ ಮುಖಕ್ಕೆ ಆ ನೋಟ ಒಪ್ಪಲ್ಲ. ಅಮ್ಮನ ಕೋಣೆಗೆ ಹೋಗ್ತಿದ್ವಲ್ಲ ಆವಾಗ ಹೀಗೇ ನೋಡ್ತಿದ್ದೆ ನೀನು, ಬಾಗಿಲ ಹತ್ರ ನಿಂತು. ಆ ವರ್ಷ. ಗೋಡೆ ಕಡೆ ಮುಖ ಮಾಡಿ ಮಲಗಿರ್ತಿದ್ಲು ಅಮ್ಮ. ನಾವು ಏನೇನು ಅಂದ್ಕೊಂಡ್ವಿ, ನೆನಪಿದೆಯಾ? ಬೆನ್ನುನೋವು ಅಂದ್ಕೊಂಡ್ವಿ, ಸೋಮಾರಿತನ ಅಂತ ಅತ್ತೆ ಅಂದ್ರು, ಮುನಿಸು ಅಂತ ಅಪ್ಪ ಅಂದ್ರು. ಡಾಕ್ಟರು ಹೇಳೋ ತನಕ ಕಾಯಿಲೆ ಅಂತ ಒಬ್ಬರಿಗೂ ಹೊಳೀಲಿಲ್ಲ. ಈಗ ಯಾರಾದ್ರೂ ಬಂದ್ರೆ ನಾನು ಬಾಗಿಲಲ್ಲೇ ಗುರುತು ಹಿಡೀತೀನಿ. ಅಷ್ಟು ನೋಡಿದೀನಿ.

ಮೊದಲು ಏನು ಗುರುತು ಅಂತನಾ? ಅಳೋದಲ್ಲ ಕಣೋ. ಎಲ್ಲರೂ ಹಾಗೇ ತಿಳ್ಕೊಂಡಿದಾರೆ. ಅಮ್ಮ ಮೊದಲು ನಿಲ್ಲಿಸಿದ್ದು ಬೈಯೋದನ್ನ. ನಾನು ಪಾತ್ರೆ ಸರಿಯಾಗಿ ತೊಳೀದೆ ಇಟ್ರೂ ಸುಮ್ನೆ, ನೀನು ಕೆಸರು ಕಾಲಲ್ಲಿ ಒಳಗೆ ಬಂದ್ರೂ ಸುಮ್ನೆ. "ಆಗ್ಲಿ ಬಿಡಪ್ಪ, ದಯವಿಟ್ಟು ಆ ಕಡೆ ಹೋಗು" ಅಂತ, ಯಾರೋ ಹೊರಗಿನೋರಿಗೆ ಹೇಳೋ ಹಾಗೆ ಮೆತ್ತಗೆ. ಮಾತ್ರೆ ನಾಟಿ ಒಂದು ದಿನ "ಕತ್ತೆಗಳಾ, ಮನೇನ ಏನು ಮಾಡಿಟ್ಟಿದೀರಾ!" ಅಂದಾಗ ನಾವಿಬ್ಬರೂ ಅಂಗಳದಲ್ಲಿ ಕುಣಿದ್ವಲ್ಲ! ಬೈಸ್ಕೊಂಡು ಅಷ್ಟು ಖುಷಿ ಪಟ್ಟ ಮಕ್ಕಳು ಪ್ರಪಂಚದಲ್ಲೇ ಇರಲ್ಲ.

ಏನಂದೆ?

ಫೋನಲ್ಲಾ? ನಾನಾ? ದಯವಿಟ್ಟು ಬಾ ಅಂದೆನಾ?

ಸುಳ್ಳು. ನಿನಗೆ ನಾನು ದಯವಿಟ್ಟು ಅಂತೀನಾ? 'ಬರ್ತೀಯೋ ಇಲ್ಲಾ ಬಂದು ಕಿವಿ ಹಿಂಡ್ಲೋ' ಅನ್ನೋಳು ನಾನು. ಎರಡು ಸಲ ಅಂದೆನಾ? ಇರ್ಲಿ, ಏನೋ ಬಾಯಿ ತಪ್ಪಿ… ಈಗ ಬೈತಾನೇ ಇದೀನಲ್ಲ, ಬಂದಾಗಿಂದ! ಸೋಪು ಅಂದೆ, ಎಮ್ಮೆ ಅಂದೆ, ಸಾಲ್ದಾ? ಇನ್ನೂ ಬೇಕಾ?

ಕೈ ಚಾಚು. ಈಗ ಸೂಜಿ ಬಿಚ್ತೀನಿ.

ಅದಾ? ಆ ಸ್ಟ್ಯಾಂಡಲ್ಲಿರೋದಾ? ಅದೂ 'ಅಕ್ಕ'ನೇ. ಚೀಟಿ ಮಾಸಿದೆ ನೋಡು, ಹಳೇದು. ಹಳೇ ಸ್ಟಾಕಿನ ಕೊನೇ ಟ್ಯೂಬು. ಖಾಲಿ ಆಗಿದೆ. ಮೊನ್ನೆ ಉಪಯೋಗಿಸಿದೆ. ಯಾಕೆ ಅಂದ್ರೆ… ಸುಮ್ನೆ. ಹೊಸದು ಪೇಲವ ಬಂತಲ್ಲ, ಪಕ್ಕದಲ್ಲಿ ಹಳೇದನ್ನೂ ಹಾಕಿ ನೋಡೋಣ ಅಂತ. ಅದೇ ಪ್ಲೇಟು, ಅದೇ ಔಷಧಿ, ಅದೇ ದಿನ. ಯಾರಿಗೂ ಹೇಳಿಲ್ಲ. ಕಿಟ್ಟು ಕೆಟ್ಟಿದ್ರೆ ಎರಡೂ ಪೇಲವ ಬರ್ಬೇಕು ತಾನೇ?

ಹೂಂ.

ಏನು ಹೂಂ ಅಂದ್ರೆ? ಹೂಂ ಅಂದ್ರೆ ಹೂಂ.

ಹಾಗೆ ನೋಡ್ಬೇಡ ಅಂದ್ನಲ್ಲ. ಬಂತು. ಸರಿಯಾಗೇ ಬಂತು. ಹಳೇ ಅಕ್ಕ ಯಾವಾಗಿನ ಹಾಗೇ, ಗಾಢ ಹಳದಿ, ಎಲ್ಲಿರ್ಬೇಕೋ ಅಲ್ಲೇ ಇದ್ಲು. ಪಕ್ಕದ ಗುಳೀಲಿ ಹೊಸ ಅಕ್ಕ… ನೀರಿಗೆ ಬಣ್ಣ ಹಾಕಕ್ಕೆ ಮರೆತ ಹಾಗೆ.

ಕಿಟ್ಟು ಕೆಟ್ಟಿಲ್ಲ ಕಣೋ.

ಗೊತ್ತು, ಗೊತ್ತು, ಒಂದು ಅಂಕಿ ಇಟ್ಕೊಂಡು ಏನೂ ಹೇಳ್ಬಾರ್ದು. ನಾನೇ ಹೇಳ್ದೆ ತಾನೇ. ಅಂಕಿ ಬಿಡು. ಬೇಕಾದಷ್ಟು ಕಾರಣ ಇರುತ್ತೆ. ಆದ್ರೆ ಬೆಳಗ್ಗೆ ಎದ್ದು ಮಂಚದ ಅಂಚಲ್ಲಿ ಕೂತ್ರೆ ಕಾಲು ಕೆಳಗೆ ಇಡಕ್ಕೆ ಮನಸ್ಸು ಬರಲ್ಲ. ಅದಕ್ಕೆ ಯಾವ ಅಂಕಿ ಬೇಕು? ಬಾಯಿಗಿಟ್ಟಿದ್ದು ಉಪ್ಪೋ ಸಪ್ಪೆಯೋ ಗೊತ್ತಾಗಲ್ಲ. ನಿನ್ನ ಮಗಳ ಹುಟ್ಟಿದಹಬ್ಬಕ್ಕೆ ಕೆಲಸ ಇತ್ತು ಅಂದ್ನಲ್ಲ, ಇರ್ಲಿಲ್ಲ. ಸೀರೆ ಉಟ್ಕೊಂಡು ಬಾಗಿಲ ತನಕ ಬಂದೆ. ಚಪ್ಪಲಿ ಹಾಕ್ಕೊಳಕ್ಕೆ ಆಗ್ಲಿಲ್ಲ. ಅಲ್ಲೇ ಕೂತೆ. ನಿಮ್ಮ ಭಾವ ಡ್ಯೂಟಿ ಮುಗಿಸಿ ಬರೋಷ್ಟರಲ್ಲಿ ಎದ್ದು ದೀಪ ಹಾಕಿ, ನಗ್ತಾ ಬಾಗಿಲು ತೆಗ್ದೆ. ಅವರಿಗೆ ಏನೂ ಗೊತ್ತಿಲ್ಲ. ಅಷ್ಟು ಚೆನ್ನಾಗಿ ನಗ್ತೀನಿ.

ಏನೂ ಆಗಿಲ್ಲ ಕಣೋ ನನಗೆ, ಅದೇ ನಾಚಿಕೆ! ಯಾರೂ ಸತ್ತಿಲ್ಲ, ಯಾರೂ ಬೈದಿಲ್ಲ, ಕೆಲಸ ಇದೆ, ಮನೆ ಇದೆ. ಬಂದೋರಿಗೆಲ್ಲ ಇದೇ ಕುರ್ಚೀಲಿ ಕೂರಿಸಿ, ಇದರಲ್ಲಿ ನಾಚ್ಕೊಳ್ಳೋದು ಏನಿದೆ, ಇದೂ ಜ್ವರದ ಹಾಗೆ ಒಂದು ಕಾಯಿಲೆ ಅಂತ ಹೇಳೋಳು ನಾನು. ಹೇಳಿ ಹೇಳಿ ಬಾಯಿ ಒಣಗಿದೆ. ನನ್ನ ವಿಷಯಕ್ಕೆ ಬಂದಾಗ ಕಿಟ್ಟು ಸರಿಯಿಲ್ಲ ಅಂದೆ. ಹೆದರಿಕೆ ಆಯ್ತು. ಗೋಡೆ ಕಡೆ ಮುಖ ಮಾಡಿ ಮಲಗಿಬಿಡ್ತೀನೇನೋ ಅಂತ ತುಂಬಾ ಹೆದರಿಕೆ ಆಯ್ತು ಕಣೋ.

ಪಟ್ಟಿ ಯಾಕೆ ಬಿಚ್ತಿದೀಯಾ? ಬೇಡ… ಗುಂಡ, ನಾಳೆ ಬೆಳಗ್ಗೆಗೆ ಬೇಕದು… ಬೇಡ ಅಂದ್ರೆ… ಕೈ ಬಿಡೋ. ಗ್ರೀಸು ಮೆತ್ಕೊಳ್ಳುತ್ತೆ. ಕೈಗವಸು ಹಾಳಾಗುತ್ತೆ.

…ಬಿಡ್ಬೇಡ. ಹಾಗೇ ಇರು.

ಏನಾದ್ರೂ ಅನ್ನಬಾರ್ದಾ? ಬೈಯಾದ್ರೂ ಬೈಯಿ. ಸರಿ, ಬೇಡ. ನೀನು ಏನೂ ಅನ್ನದೇ ಇದ್ದಿದ್ದೇ ಒಳ್ಳೇದಾಯ್ತು. ಒಂದು ಮಾತು ಅಂದಿದ್ರೂ ನಾನು ಇನ್ನೊಂದು ಜೋಕು ಹೇಳಿ ಚುಚ್ಚೇಬಿಡ್ತಿದ್ದೆ.

ಕಾರಿಡಾರಲ್ಲಿ ಚಪ್ಪಲಿ ಸದ್ದು. ಮೇಡಂದು. ಊಟ ಆಯ್ತು ಅನ್ಸುತ್ತೆ. ನೀನು ಏಳ್ಬೇಡ, ಅಲ್ಲೇ ಕೂತಿರು. ನನ್ನ ಕಣ್ಣು ಕೆಂಪಗಿದೆಯಾ? ಇರ್ಲಿ ಬಿಡು.

ಮೇಡಂ… ಒಂದು ನಿಮಿಷ ಒಳಗೆ ಬನ್ನಿ. ಇವನು ನನ್ನ ತಮ್ಮ. ಮೇಡಂ, ಈ ತಿಂಗಳ ಪ್ಲೇಟುಗಳನ್ನ ಬಿಸಾಡ್ಬೇಡಿ. ಎಲ್ಲಾ ಸರಿಯಾಗಿವೆ. ನನಗೇ ಹುಷಾರಿಲ್ಲ.